ತಿಟ್ಟು ಉಳಿಯಬೇಕಾದರೆ ದಡ ಉಳಿಯಬೇಕು

(ಮೈಸೂರಿನಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯ ಹಕ್ಕಿ, ಮೀನು, ಮೊಸಳೆಗಳದು. ಅವು ಬಾಳುವ ಪುಟ್ಟ ನಡುಗಡ್ಡೆಗಳದು. ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇಷ್ಟೆಲ್ಲ ತಲೆನೋವು ಇರುವಾಗ ಇವನೇಕೆ ಕೊಕ್ಕರೆಯ ಕಥೆ ಹೇಳಲು ನಿಂತ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿದರೆ ತಪ್ಪಲ್ಲ. ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ, ಕೊರಳಿಗೆ ದುರ್ಬೀನು ತೂಗುಹಾಕಿಕೊಂಡವರ ಹವ್ಯಾಸವೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಯಾವುದನ್ನಾದರೂ ಉಳಿಸಬೇಕೆಂದು ಸರ್ಕಾರ ತೀರ್ಮಾನಿಸಿದಾಗ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ಅದರ ಲಾಭ ಯಾರ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಗಿರಣಿಯಲ್ಲಿ ಕೇಳುವವರು, ಪೇಟೆಯಲ್ಲಿ ಕೇಳುವವರು, ಹೊಳೆಯ ನಡುವಿನ ತಿಟ್ಟಿನ ವಿಷಯದಲ್ಲಿಯೂ ಕೇಳಬೇಕಾಗಿದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಡುಗಡ್ಡೆಯ ಜೀವರಾಶಿಯ ಅಳಿವು ಉಳಿವು ತೀರ್ಮಾನವಾಗುವುದು ನಡುಗಡ್ಡೆಯಲ್ಲಲ್ಲ, ದಡದಲ್ಲಿ. ದಡದ ಜನ ಕಷ್ಟದಲ್ಲಿ ಪಾಲುಗೊಂಡಂತೆ ಲಾಭದಲ್ಲಿಯೂ ತೀರ್ಮಾನದಲ್ಲಿಯೂ ಪಾಲುಗೊಂಡರೆ ಅದು ಉಳಿಯುತ್ತದೆ. ಇಲ್ಲದಿದ್ದರೆ ಬೇಲಿ, ಬೋರ್ಡು, ಗಾರ್ಡು ಯಾವುದೂ ಅದನ್ನು ಬಹುಕಾಲ ಕಾಯಲಾರದು.

ತಿಟ್ಟುಗಳು ಹುಟ್ಟಿದ ಬಗೆ

ನಮ್ಮ ಊರಿನಿಂದ ಹತ್ತು ಹನ್ನೆರಡು ಮೈಲಿ ದೂರದಲ್ಲಿ, ಕನ್ನಂಬಾಡಿ ಕಟ್ಟೆಗೂ ಶ್ರೀರಂಗಪಟ್ಟಣಕ್ಕೂ ನಡುವೆ, ಕಾವೇರಿಯ ಒಡಲಲ್ಲಿ ರಂಗನತಿಟ್ಟು ಇದೆ. ನಿಮ್ಮಲ್ಲಿ ಬಹುಮಂದಿ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ದೋಣಿ ಹತ್ತಿ ನೋಡಿ ಬಂದಿದ್ದೀರಿ. ಈ ತಿಟ್ಟುಗಳು ಸೃಷ್ಟಿಯ ಆದಿಯಿಂದ ಹೀಗೆಯೇ ಇದ್ದವಲ್ಲ. ೧೬೪೫ರಿಂದ ೧೬೪೮ರ ಅವಧಿಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿದರು. ಕಟ್ಟೆಯ ಹಿಂದೆ ನೀರು ನಿಂತಿತು, ತಗ್ಗು ಮುಳುಗಿತು, ದಿಣ್ಣೆಗಳು ಸುತ್ತಲೂ ನೀರಾಗಿ ತಿಟ್ಟುಗಳಾದವು. ಅವುಗಳ ಮೇಲೆ ಹೊಳೆಮತ್ತಿ, ಬಿದಿರು ಬೆಳೆದವು. ಹಕ್ಕಿ ಬಂದು ಕುಳಿತಿತು. ಕಟ್ಟೆ ಕಟ್ಟಿಸಿದ ದೊರೆಯ ಹೆಸರು ಚರಿತ್ರೆಯಲ್ಲಿದೆ. ಕಲ್ಲು ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಆದರೂ ಇಂದು ಆ ಮರಗಳ ಮೇಲೆ ಕುಳಿತಿರುವ ಒಂದೊಂದು ಗೂಡಿನ ಕೆಳಗೂ ಅವರ ದುಡಿಮೆ ಇದೆ. ಮನುಷ್ಯ ಕೈ ಹಾಕಿದಲ್ಲೆಲ್ಲ ಪ್ರಕೃತಿ ಕೆಡುತ್ತದೆಂಬ ಮಾತು ಪೂರ್ತಿ ನಿಜವಲ್ಲವೆಂಬುದಕ್ಕೆ ರಂಗನತಿಟ್ಟೇ ಸಾಕ್ಷಿ.

೧೯೪೦ರಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಇಲ್ಲಿಗೆ ಬಂದು, ಇದು ಹಕ್ಕಿಗಳು ಮರಿ ಮಾಡುವ ಬಹು ಮುಖ್ಯವಾದ ಸ್ಥಳವೆಂದು ಕಂಡು, ಮೈಸೂರು ಅರಮನೆಗೆ ತಿಳಿಸಿ ಪಕ್ಷಿಧಾಮವೆಂದು ಸಾರುವಂತೆ ಮಾಡಿದರು. ಮೂಲ ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ೨೦೨೨ರಲ್ಲಿ ಸುತ್ತಲ ಹೊಳೆಯ ಪ್ರದೇಶವನ್ನೂ ಸೇರಿಸಿಕೊಂಡು ಇದು ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಜೌಗು ನೆಲ, ಕೆರೆ, ಹೊಳೆಗಳನ್ನು ಕಾಯುವುದಕ್ಕಾಗಿ ೧೯೭೧ರಲ್ಲಿ ಇರಾನಿನ ರಾಮ್‌ಸಾರ್ ಎಂಬ ಊರಿನಲ್ಲಿ ಆದ ಒಪ್ಪಂದ ಅದು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ಸ್ಥಳ ನಮ್ಮ ರಂಗನತಿಟ್ಟು.

ಅಲ್ಲಿನ ಲೆಕ್ಕವನ್ನು ಕೇಳಿರಿ: ೧೮೮ ಬಗೆಯ ಗಿಡಮರ, ೨೨೫ ಬಗೆಯ ಹಕ್ಕಿ, ೬೯ ಬಗೆಯ ಮೀನು, ೧೩ ಬಗೆಯ ಕಪ್ಪೆ, ೩೦ ಬಗೆಯ ಚಿಟ್ಟೆ. ಇವಲ್ಲದೆ ಮೊಸಳೆ, ನೀರುನಾಯಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಕರಿತಲೆಯ ಕೆಂಬರಲು ಈ ಮೂರು ಹಕ್ಕಿಗಳಂತೂ ಇಡೀ ಲೋಕದಲ್ಲಿರುವ ಸಂಖ್ಯೆಯ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಲ್ಲಿಯೇ ಸೇರುತ್ತವೆ. ಇಷ್ಟೊಂದು ಬಗೆಯ ಜೀವಗಳು ಒಂದೆಡೆ ಒಂದನ್ನೊಂದು ನೆಚ್ಚಿಕೊಂಡು ಬಾಳುವುದನ್ನೇ ಜೀವವೈವಿಧ್ಯವೆಂದು ಕರೆಯುತ್ತಾರೆ. ದೊಡ್ಡ ಮಾತೇನೂ ಅಲ್ಲ. ನಮ್ಮ ಸಂತೆಯಲ್ಲಿ ಸೊಪ್ಪಿನವಳು, ಮಡಕೆಯವನು, ಬಳೆಗಾರ, ತೂಕದವನು ಎಲ್ಲರೂ ಇದ್ದರೆ ಸಂತೆ. ಒಬ್ಬನೇ ದೊಡ್ಡ ವ್ಯಾಪಾರಿ ಉಳಿದರೆ ಅದು ಸಂತೆಯಲ್ಲ. ಇದೂ ಹಾಗೆಯೇ.

ನಡುಗಡ್ಡೆಯ ಬಲವೂ ಬಲಹೀನತೆಯೂ

ಸುತ್ತಲೂ ಇಷ್ಟು ಮರಗಳಿರುವಾಗ ಹಕ್ಕಿ ಈ ತಿಟ್ಟನ್ನೇ ಏಕೆ ಆರಿಸಿಕೊಳ್ಳುತ್ತದೆ? ನಾಯಿ, ನರಿ, ಬೆಕ್ಕುಗಳು ಸುಲಭವಾಗಿ ಬರಲಾರವು. ನೀರೇ ಕಂದಕ, ಮೊಸಳೆಯೇ ಸಂಬಳವಿಲ್ಲದ ಕಾವಲುಗಾರ. ಮರಿ ಆಯ ತಪ್ಪಿ ನೀರಿಗೆ ಬಿದ್ದರೆ ಮೊಸಳೆಗೆ ಆಹಾರವಾಗುವುದುಂಟು. ಆ ಸುಂಕವನ್ನು ಕೊಟ್ಟು ಹಕ್ಕಿ ಉಳಿದ ಮರಿಗಳ ಕ್ಷೇಮವನ್ನು ಪಡೆಯುತ್ತದೆ. ಹಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಸಣ್ಣ ಜೀವಿಗಳಿಗೆ ಗೊಬ್ಬರವಾಗುತ್ತದೆ, ಅವುಗಳನ್ನು ತಿಂದು ಮೀನು ಬೆಳೆಯುತ್ತದೆ, ಮೀನು ಮತ್ತೆ ಹಕ್ಕಿಗೂ ನೀರುನಾಯಿಗೂ ಮೊಸಳೆಗೂ ಊಟವಾಗುತ್ತದೆ.

ಆದರೆ ಯಾವುದು ಬಲವೋ ಅದೇ ಬಲಹೀನತೆ. ನಡುಗಡ್ಡೆ ಚಿಕ್ಕದು, ಅಲ್ಲಿ ಕೆಟ್ಟರೆ ಹಿಂದಕ್ಕೆ ಸರಿಯಲು ಜಾಗವಿಲ್ಲ. ಹೊರಗಿನಿಂದ ಒಂದು ಹೊಸ ಪ್ರಾಣಿ ಒಳಹೊಕ್ಕರೆ ಅದನ್ನು ಎದುರಿಸಿ ಅಭ್ಯಾಸವಿರುವ ಜೀವಿ ಅಲ್ಲಿರುವುದಿಲ್ಲ. ಕಳೆದ ಐದುನೂರು ವರ್ಷಗಳಲ್ಲಿ ಭೂಮಿಯಿಂದ ಅಳಿದುಹೋದ ಹಕ್ಕಿಜಾತಿಗಳಲ್ಲಿ ಬಹುಪಾಲು ದ್ವೀಪಗಳಲ್ಲಿ ಇದ್ದಂಥವು. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಡೋಡೊ ಎಂಬ ಹಾರಲಾರದ ಹಕ್ಕಿ ಇತ್ತು. ೧೫೯೮ರಲ್ಲಿ ಡಚ್ಚರ ಹಡಗುಗಳು ಅಲ್ಲಿ ತಂಗಿದವು. ಹಡಗಿನೊಡನೆ ಇಲಿ ಬಂದವು, ಹಂದಿ ಬಂದವು; ನೆಲದ ಮೇಲಿನ ಮೊಟ್ಟೆಯನ್ನು ತಿಂದವು. ಆ ಹಕ್ಕಿಯನ್ನು ಕಣ್ಣಾರೆ ಕಂಡವರ ನಂಬಬಹುದಾದ ಕೊನೆಯ ವರದಿ ೧೬೬೨ರದು. ಒಂದು ಮನುಷ್ಯ ಆಯುಷ್ಯದಷ್ಟು ಕಾಲದಲ್ಲಿ ಒಂದು ಜಾತಿಯೇ ಮುಗಿಯಿತು.

ಮಾರಿಷಸ್ ದೂರವಾಯಿತೆನ್ನುವಿರಾದರೆ ಹತ್ತಿರದ್ದನ್ನೇ ಹೇಳುತ್ತೇನೆ. ಇಂದು ಲಕ್ಷದ್ವೀಪವೆಂದು ಕರೆಯುವ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬವು ಅಮಿನ್‌ದಿವಿ ಗುಂಪಿಗೆ ಸೇರಿದವು. ಇವು ಒಂದು ಕಾಲಕ್ಕೆ ನಮ್ಮ ಶ್ರೀರಂಗಪಟ್ಟಣದ ಆಡಳಿತಕ್ಕೆ, ಅಂದರೆ ಟಿಪ್ಪು ಸುಲ್ತಾನನ ಅಧೀನಕ್ಕೆ, ಸೇರಿದ್ದವು. ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ ಕಂಪನಿಯವರ ಕೈಗೆ ಹೋದವು. ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ೧೯೫೬ರ ಅಕ್ಟೋಬರ್ ಕೊನೆಯವರೆಗೂ ಇದ್ದವು. ಅಲ್ಲಿನ ಜನರಿಗೆ ಇದ್ದದ್ದು ತೆಂಗು ಒಂದೇ. ತೆಂಗಿನ ನಾರಿನಿಂದ ಹೆಂಗಸರು ಹುರಿ ಹೊಸೆಯುತ್ತಿದ್ದರು. ಆ ಹುರಿಯನ್ನು ಸರ್ಕಾರಕ್ಕೇ ಕೊಡಬೇಕು, ಸರ್ಕಾರ ಗೊತ್ತುಮಾಡಿದ ಲೆಕ್ಕದಲ್ಲಿ ಅಕ್ಕಿ ಪಡೆಯಬೇಕು ಎಂಬ ಕಟ್ಟು ಇತ್ತು. ಇಂಥ ಬಡ ದ್ವೀಪಗಳಲ್ಲಿ ಇಲಿಗಳು ತೆಂಗಿನ ತಲೆ ಏರಿ ಎಳೆಯ ಕಾಯನ್ನು ಕಡಿದು ಕೆಡವಿದರೆ ಹೋಗುತ್ತಿದ್ದದ್ದು ಬರೀ ಕಾಯಲ್ಲ, ಮನೆಯ ಅಕ್ಕಿ. ಅದಕ್ಕೆ ದ್ವೀಪದವರು ಮಾಡಿಕೊಂಡ ಏರ್ಪಾಟು ಗಮನಿಸಬೇಕಾದದ್ದು. ಊರಿನ ಗಂಡಸರೆಲ್ಲರೂ ಸೇರಿ ತೋಟದಿಂದ ತೋಟಕ್ಕೆ ಇಲಿ ಬೇಟೆ ನಡೆಸುವ ಕಟ್ಟಳೆ ಅಲ್ಲಿ ಇತ್ತು. ಇಲಿಗೆ ಬೇಲಿ ಗೊತ್ತಿಲ್ಲವಾದ್ದರಿಂದ ಒಬ್ಬನ ತೋಟವನ್ನು ಒಬ್ಬನೇ ಕಾಯಲಾಗದೆಂಬುದನ್ನು ಅವರು ಅರಿತಿದ್ದರು.

ನಮ್ಮ ಹೊಳೆಯಲ್ಲಿಯೂ ಇದೇ ಪಾಠವಿದೆ. ಕಾವೇರಿಯ ಬಿಳಿಮೀನು, ಬೆನ್ನು ಗೂನಾದ ಮಹಶೀರ್, ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಈ ಹೊಳೆಗೂ ಇದರ ಉಪನದಿಗಳಿಗೂ ಮೀಸಲಾದ ಮೀನು. ಆಳಿಗಿಂತ ಭಾರವಾಗಿ ಬೆಳೆಯಬಲ್ಲ ಈ ಮೀನು ಅಣೆಕಟ್ಟು, ಸಿಡಿಮದ್ದು, ಕೊಳಕು ನೀರುಗಳಿಂದ ಕಡಿಮೆಯಾಗುತ್ತಿದ್ದಾಗ, ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋಣಾವಳೆಯಲ್ಲಿ ಮರಿ ಮಾಡಿಸಿದ ಬೇರೊಂದು ಜಾತಿಯ ಮಹಶೀರನ್ನು ತಂದು ಬಿಟ್ಟರು. ಬಂದ ಮೀನು ಹೆಚ್ಚಿತು, ಇದ್ದ ಮೀನು ಕುಗ್ಗಿತು. ೨೦೧೮ರಲ್ಲಿ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ಸದುದ್ದೇಶವೊಂದೇ ಸಾಲದು, ಹೊಳೆಯನ್ನು ಬಲ್ಲ ಬೆಸ್ತರನ್ನು ಕೇಳಿ ಕೆಲಸ ಮಾಡುವ ಪದ್ಧತಿಯೂ ಬೇಕು.

ನೀರಿನ ಬೀಗದ ಕೈ ಯಾರಲ್ಲಿ?

ರಂಗನತಿಟ್ಟಿನ ಮೇಲೆ ಕನ್ನಂಬಾಡಿ ಕಟ್ಟೆ ಇದೆ. ೧೯೧೧ರಲ್ಲಿ ಕೆಲಸ ಆರಂಭವಾಗಿ ೧೯೩೨ರ ವೇಳೆಗೆ ಮುಗಿದ ಕಟ್ಟೆ. ೧೨೪.೮೦ ಅಡಿ ತುಂಬಿತೆಂದರೆ ನಮಗೆಲ್ಲ ಹಬ್ಬ. ನಮ್ಮ ಮೈಸೂರಿನ ಕುಡಿಯುವ ನೀರಿನ ದೊಡ್ಡ ಪಾಲು ಬೆಳಗೊಳ, ಹೊಂಗಳ್ಳಿಗಳಲ್ಲಿ ಎತ್ತಿ ತಂದ ಕಾವೇರಿಯ ನೀರು. ಆದ್ದರಿಂದ ನಾವು ಬೆಳಿಗ್ಗೆ ಮುಖ ತೊಳೆಯುವ ನೀರೂ ಆ ಕೊಕ್ಕರೆ ಕಾಲೂರಿ ನಿಂತ ನೀರೂ ಒಂದೇ ಹೊಳೆಯದು. ಕಟ್ಟೆಯ ಬಾಗಿಲು ಎಷ್ಟು ತೆರೆಯುತ್ತದೆ, ಯಾವಾಗ ತೆರೆಯುತ್ತದೆ ಎಂಬುದರ ಮೇಲೆ ತಿಟ್ಟಿನ ಬಾಳು ನಿಂತಿದೆ.

ಮಳೆಗಾಲದಲ್ಲಿ ಕಟ್ಟೆ ತುಂಬಿ, ಒಮ್ಮೆಗೇ ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ. ೨೦೧೯ರಲ್ಲಿ, ಮತ್ತೆ ೨೦೨೪ರಲ್ಲಿ ಹಾಗಾಯಿತು. ಕೆಳಗಿನ ಕೊಂಬೆಯ ಗೂಡು ಕೊಚ್ಚಿಹೋಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಮಣ್ಣಿನದು. ರಭಸದ ನೀರು ತಿಟ್ಟಿನ ಅಂಚನ್ನು ಕೊರೆಯುತ್ತದೆ, ಬೇರು ಬಿಚ್ಚಿ ಮರ ಉರುಳುತ್ತದೆ, ತಿಟ್ಟು ಕಿರಿದಾಗುತ್ತದೆ. ಅರಣ್ಯ ಇಲಾಖೆಯವರು ಮರಳ ಮೂಟೆಗಳನ್ನು ಜೋಡಿಸಿ ಅಂಚು ಕಟ್ಟಿದ್ದುಂಟು. ಬೇಸಿಗೆಯಲ್ಲಿ ಕಥೆ ತಿರುವುಮುರುವಾಗುತ್ತದೆ. ನೀರು ತೀರ ಇಳಿದರೆ ಕಂದಕ ಬತ್ತುತ್ತದೆ. ನಾಯಿ ನಡೆದುಕೊಂಡೇ ತಿಟ್ಟಿಗೆ ಬರುತ್ತದೆ. ಇನ್ನು ರೀವಹಕ್ಕಿ, ದೊಡ್ಡ ಕಲ್ಲುಗೊರವ ಮುಂತಾದವು ಮರದ ಮೇಲಲ್ಲ, ಬೇಸಿಗೆಯಲ್ಲಿ ಹೊರಬಿದ್ದ ಬರೀ ಬಂಡೆ, ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಆಗ ಮುನ್ಸೂಚನೆಯಿಲ್ಲದೆ ಒಂದು ದಿನ ನೀರು ಏರಿದರೆ ಆ ವರ್ಷದ ಸಂತಾನ ಮುಗಿದಂತೆಯೇ.

ಹೀಗೆಂದು ಹಕ್ಕಿಗಾಗಿ ರೈತನ ನಾಲೆಯ ನೀರು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಯಾವನಾದರೂ ಹಾಗೆ ಹೇಳಿದರೆ ಮಂಡ್ಯದ ರೈತನೊಡನೆ ನಾನೂ ನಿಂತು ವಿರೋಧಿಸುತ್ತೇನೆ. ಆದರೆ ಲೆಕ್ಕವನ್ನು ನೋಡಿರಿ. ೨೦೦೭ರಲ್ಲಿ ಕಾವೇರಿ ನ್ಯಾಯಮಂಡಳಿ ಹೊಳೆಯ ಒಟ್ಟು ನೀರು ೭೪೦ ಟಿ.ಎಂ.ಸಿ. ಎಂದು ಲೆಕ್ಕಹಾಕಿ ಮೂರು ರಾಜ್ಯಗಳಿಗೂ ಒಂದು ಕೇಂದ್ರಾಡಳಿತ ಪ್ರದೇಶಕ್ಕೂ ಹಂಚುವಾಗ, ಪರಿಸರ ರಕ್ಷಣೆಗೆಂದು ೧೦ ಟಿ.ಎಂ.ಸಿ.ಯನ್ನು ಬೇರೆ ತೆಗೆದಿಟ್ಟಿತು. ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳ ಪಾಲನ್ನು ಬದಲಾಯಿಸಿ ಕರ್ನಾಟಕಕ್ಕೆ ೨೮೪.೭೫ ಟಿ.ಎಂ.ಸಿ. ಎಂದು ಹೇಳಿದಾಗಲೂ ಆ ಹತ್ತನ್ನು ಮುಟ್ಟಲಿಲ್ಲ. ಎಂದರೆ ನ್ಯಾಯದ ಕಣ್ಣಿನಲ್ಲಿ ಹೊಳೆಗೂ ಒಂದು ಪಾಲಿದೆ. ೭೪೦ರಲ್ಲಿ ೧೦, ಎಪ್ಪತ್ತನಾಲ್ಕರಲ್ಲಿ ಒಂದು. ನಾವು ಕೇಳಬೇಕಾದದ್ದು ಹೆಚ್ಚಿನ ನೀರನ್ನಲ್ಲ. ಬಿಡುವ ನೀರನ್ನೇ ಬೇಸಿಗೆಯ ತಿಂಗಳುಗಳಲ್ಲಿ ಒಮ್ಮೆಗೇ ಏರಿಸದೆ ಇಳಿಸದೆ ಬಿಡಿರಿ, ಬಿಡುವ ಮುನ್ನ ಕೆಳಗಿನ ಹಳ್ಳಿಗೂ ಪಕ್ಷಿಧಾಮಕ್ಕೂ ತಿಳಿಸಿರಿ ಎಂಬುದು ಅಸಾಧ್ಯವಾದ ಬೇಡಿಕೆಯಲ್ಲ. ಅದರಿಂದ ಹರಿಗೋಲಿನವನ ಪ್ರಾಣವೂ ಉಳಿಯುತ್ತದೆ, ದಡದಲ್ಲಿ ಬಟ್ಟೆ ಒಗೆಯುವ ತಾಯಂದಿರ ಪ್ರಾಣವೂ ಉಳಿಯುತ್ತದೆ.

ಹಕ್ಕಿಯ ಊಟ ತಿಟ್ಟಿನಲ್ಲಿಲ್ಲ

ಹಕ್ಕಿ ತಿಟ್ಟಿನಲ್ಲಿ ಮಲಗುತ್ತದೆ, ಮರಿ ಮಾಡುತ್ತದೆ. ಊಟಕ್ಕೆ ಹೊರಗೆ ಹೋಗುತ್ತದೆ. ನಮ್ಮಲ್ಲಿ ಬಹುಮಂದಿ ಕಾರ್ಖಾನೆಗೆ ಹೋಗಿಬರುವಂತೆ ಅದೂ ದಿನವೂ ಹೋಗಿಬರುತ್ತದೆ. ಬಾಯ್ಕಳಕ ಕೊಕ್ಕರೆ ಗದ್ದೆಯ, ಕೆರೆಯ ಬಸವನಹುಳುವನ್ನು ಹೆಕ್ಕಿ ತಿನ್ನುತ್ತದೆ. ಬಣ್ಣದ ಕೊಕ್ಕರೆ ಕೆರೆಯಂಚಿನ ಮೀನು, ಕಪ್ಪೆಗಳನ್ನು ಹಿಡಿಯುತ್ತದೆ. ಗದ್ದೆಗೆ ಹೊಡೆದ ವಿಷ ಹುಳುವಿನ ಮೂಲಕ, ಮೀನಿನ ಮೂಲಕ ಗೂಡಿನ ಮರಿಯ ಬಾಯಿಗೆ ಹೋಗುತ್ತದೆ. ಅದೇ ವಿಷ ಹೊಡೆಯುವ ಕೂಲಿಯಾಳಿನ ಶ್ವಾಸಕ್ಕೂ ಹೋಗುತ್ತದೆ. ಕೆರೆಗೆ ಚರಂಡಿ ಬಿಟ್ಟರೆ ಹಕ್ಕಿಯ ಊಟದ ತಟ್ಟೆಗೆ ಚರಂಡಿ ಬಿಟ್ಟಂತೆ.

ಇಲ್ಲಿ ಮೈಸೂರಿನ ನಮ್ಮ ಪಾಲಿನ ಹೊಣೆ ಬರುತ್ತದೆ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ ಆದದ್ದು. ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆ, ವರುಣಾ ಕೆರೆ ಇವೆಲ್ಲ ಹೊಳೆಯ ತಿಟ್ಟುಗಳ ಹಕ್ಕಿಗೆ ಉಗ್ರಾಣಗಳು. ಕುಕ್ಕರಹಳ್ಳಿ, ಕಾರಂಜಿಗಳಲ್ಲಿ ಕೆರೆಯ ನಡುವಿನ ಗಡ್ಡೆಯ ಮರಗಳಲ್ಲಿಯೇ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುವುದನ್ನು ನೀವು ದಾರಿಯಲ್ಲಿ ಹೋಗುತ್ತಲೇ ಕಾಣಬಹುದು. ಪೇಟೆಯ ಪ್ಲಾಸ್ಟಿಕ್ಕು ರಾಜಕಾಲುವೆಗೆ ಬಿದ್ದು ಕೆರೆಗೆ ಸೇರುತ್ತದೆ. ಕರ್ನಾಟಕ ಸರ್ಕಾರ ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು. ೨೦೨೨ರ ಜುಲೈಯಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂತು. ಕಾನೂನು ಒಳ್ಳೆಯದೇ. ಆದರೆ ದಂಡದ ರಸೀದಿ ಮೊದಲು ಬರುವುದು ತಳ್ಳುಗಾಡಿಯವನ ಕೈಗೆ, ಹೂ ಮಾರುವವಳ ಕೈಗೆ. ಚೀಲ ತಯಾರಾಗುವ ಬಾಗಿಲಿನಲ್ಲಿ ತಡೆಯದೆ, ಚೀಲ ಕೊನೆಗೆ ತಲಪುವ ಬುಟ್ಟಿಯಲ್ಲಿ ಹುಡುಕುವುದು ಕಾನೂನನ್ನು ತಲೆಕೆಳಗು ಮಾಡಿದಂತೆ. ಬಟ್ಟೆಯ ಚೀಲ ಅಗ್ಗವಾಗಿ ಸಿಗುವಂತೆ ಮಾಡಿ ಆಮೇಲೆ ದಂಡ ಹಾಕಲಿ. ಸಣ್ಣ ವ್ಯಾಪಾರಿ ಬೇಡವೆನ್ನುವುದಿಲ್ಲ. ನೂಲುವ ನೇಯುವ ಕೈಗಳಿಗೂ ಅದರಿಂದ ಕೆಲಸ ಹುಟ್ಟುತ್ತದೆ.

ಕೊಕ್ಕರೆ ಬೆಳ್ಳೂರು ಕಲಿಸುವುದು

ಈಗ ರಂಗನತಿಟ್ಟಿನಿಂದ ಮದ್ದೂರು ತಾಲ್ಲೂಕಿಗೆ ಬನ್ನಿರಿ. ಶಿಂಷಾ ಹೊಳೆಯ ಸಮೀಪದಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿ ಇದೆ. ಅಲ್ಲಿ ನಡುಗಡ್ಡೆ ಇಲ್ಲ, ಕಂದಕವಿಲ್ಲ, ಮೊಸಳೆಯ ಕಾವಲೂ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರ, ಅತ್ತಿಮರಗಳ ಮೇಲೆ, ಮನೆಯ ಹೆಂಚಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಗೂಡು ಕಟ್ಟುತ್ತವೆ. ಈ ಪ್ರಾಂತದ ಹೆಜ್ಜಾರ್ಲೆಗಳ ಬಗ್ಗೆ ಜೆರ್ಡನ್ ಎಂಬ ಆಂಗ್ಲ ವೈದ್ಯ ೧೮೬೪ರಷ್ಟು ಹಿಂದೆಯೇ ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಹೆದರಿ ಜನ ಊರನ್ನೇ ಬೇರೆಡೆಗೆ ಸಾಗಿಸಿದರು. ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಊರಿನವರು ಹೇಳುತ್ತಾರೆ. ಇವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಅಲ್ಲಿನವರ ಮಾತು. ತವರಿಗೆ ಬಂದ ಮಗಳನ್ನು ಯಾರು ತಾನೆ ಕಲ್ಲೆಸೆದು ಓಡಿಸಿಯಾರು? ರಂಗನತಿಟ್ಟಿನಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಜನರ ಮನಸ್ಸು ಮಾಡುತ್ತಿದೆ. ಈ ಹಳ್ಳಿಯೇ ಒಂದು ನಡುಗಡ್ಡೆ.

ಆದರೆ ಮನಸ್ಸು ಎಷ್ಟೇ ದೊಡ್ಡದಾದರೂ ಹೊಟ್ಟೆಗೆ ಲೆಕ್ಕ ಬೇಕು. ಹಕ್ಕಿ ಕುಳಿತ ಹುಣಿಸೆಮರದಲ್ಲಿ ಫಸಲು ಕೆಡುತ್ತದೆ. ಹುಣಿಸೆ ಹಳ್ಳಿಯವನಿಗೆ ರೊಕ್ಕದ ಮರ. ಸೌದೆಗೆ ಮಾರಿದರೂ ಹಣ ಬರುತ್ತದೆ. ಹಿಂದೆ ಹಕ್ಕಿಯ ಹಿಕ್ಕೆಯೇ ಅದಕ್ಕೆ ಪ್ರತಿಫಲವಾಗಿತ್ತು. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ಸೇರಿಸಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಿದ್ದರು. ಚೀಲದ ಗೊಬ್ಬರ ಬಂದ ಮೇಲೆ ಆ ಲಾಭ ಕಣ್ಣಿಗೆ ಸಣ್ಣದಾಯಿತು; ಮರಗಳಿಗೆ ಕೊಡಲಿ ಬಿತ್ತು. ಅರಣ್ಯ ಇಲಾಖೆ ಗೂಡಿರುವ ಮರದ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿಯನ್ನು ತಂದಿತು. ೧೯೯೪ರಿಂದ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಂಘವೊಂದು ಊರಿನ ಯುವಕರೊಡನೆ ಕೂಡಿತು, ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸವನ್ನು ಊರಿನವರೇ ಮಾಡುತ್ತ ಬಂದರು. ೨೦೦೭ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು.

ಇಷ್ಟಾದರೂ ಎಲ್ಲವೂ ಸರಿಹೋಯಿತೆಂದು ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ೨೦೧೭ರ ಕೊನೆಯಿಂದ ೨೦೧೮ರವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಹುಳುಗಳ ಹಾವಳಿ ಕಂಡಿತು. ಹಕ್ಕಿ ತಿಂದ ಮೀನು ಎಲ್ಲಿಯದು? ಸುತ್ತಲ ಕೆರೆ ಹೊಳೆಗಳದು. ಊರು ಎಷ್ಟು ಪ್ರೀತಿಯಿಂದ ಕಾದರೂ ಸುತ್ತಲ ನೀರು ಕೆಟ್ಟರೆ ಪ್ರೀತಿ ಸೋಲುತ್ತದೆ. ಆದ್ದರಿಂದಲೇ ನಾನು ಮೊದಲು ಹೇಳಿದ ಮಾತನ್ನು ಮತ್ತೆ ಹೇಳುತ್ತೇನೆ: ದಡ ಉಳಿಯದೆ ತಿಟ್ಟು ಉಳಿಯದು.

ಎರಡು ದಾರಿ

ರಂಗನತಿಟ್ಟಿನದು ಅರಮನೆಯ ಆಜ್ಞೆಯ ದಾರಿ. ಕೊಕ್ಕರೆ ಬೆಳ್ಳೂರಿನದು ಊರಿನ ಒಪ್ಪಿಗೆಯ ದಾರಿ. ಆಜ್ಞೆಯ ದಾರಿಯನ್ನು ನಾನು ಹಳಿಯುವುದಿಲ್ಲ. ೧೯೪೦ರಲ್ಲಿ ಅದು ಆಗದಿದ್ದರೆ ಕೋವಿಗೂ ಕೊಡಲಿಗೂ ಸಿಕ್ಕಿ ತಿಟ್ಟುಗಳು ಏನಾಗುತ್ತಿದ್ದವೋ! ಆದರೆ ಆಜ್ಞೆಗೆ ಒಂದು ದೋಷವಿದೆ. ಪಕ್ಷಿಧಾಮದ ನೀರಿನಲ್ಲಿ ಬಲೆ ಹಾಕಕೂಡದೆಂದಾಗ ನಷ್ಟ ಬೆಸ್ತನಿಗೆ. ನೋಡಲು ಬಂದವರ ಟಿಕೆಟ್ಟಿನ ಹಣ ಇಲಾಖೆಗೆ. ತಿಂಡಿತೀರ್ಥದ ಲಾಭ ಹೆದ್ದಾರಿ ಬದಿಯ ದೊಡ್ಡ ಹೋಟೆಲಿಗೆ. ಪಾಲಹಳ್ಳಿಯ, ಸುತ್ತಲ ಹಳ್ಳಿಗಳ ಪಾಲು ಎಷ್ಟು ಎಂದು ಕೇಳುವುದು ನ್ಯಾಯವಲ್ಲವೆ? ಪಾಲಿಲ್ಲದ ಮನೆಯನ್ನು ಕಾಯುವ ಆಳು ಹೆಚ್ಚು ದಿನ ಎಚ್ಚರವಾಗಿರುವುದಿಲ್ಲ.

ಪಾಲು ಕೇಳಲು ಕಾನೂನು ಇಲ್ಲವೆನ್ನುವಂತಿಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿ, ಪುರಸಭೆ, ನಗರಪಾಲಿಕೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತಮ್ಮ ಎಲ್ಲೆಯಲ್ಲಿರುವ ಗಿಡ, ಮರ, ಮೀನು, ಹಕ್ಕಿ, ತಳಿ, ನಾಟಿಮದ್ದು ಇವನ್ನೆಲ್ಲ ಜನರನ್ನೇ ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅವುಗಳಿಂದ ಹೊರಗಿನವರು ವ್ಯಾಪಾರದ ಲಾಭ ಪಡೆದರೆ ಊರಿಗೆ ಪಾಲು ಸಲ್ಲಬೇಕು. ನಿಮ್ಮ ವಾರ್ಡಿನ ಸಮಿತಿಯಲ್ಲಿ, ನಿಮ್ಮ ಊರಿನ ಪಂಚಾಯತಿಯಲ್ಲಿ ಇದಾಗಿದೆಯೆ, ಪುಸ್ತಕ ಎಲ್ಲಿದೆ, ಅದನ್ನು ಬರೆದವರು ಯಾರನ್ನು ಕೇಳಿ ಬರೆದರು ಎಂದು ಹೋಗಿ ಕೇಳಿರಿ. ಹೊಳೆಯನ್ನು ಬಲ್ಲ ಹರಿಗೋಲಿನವನ ಹೆಸರಿಲ್ಲದೆ, ಮೀನು ಮಾರುವ ಹೆಂಗಸಿನ ಮಾತಿಲ್ಲದೆ, ಕಚೇರಿಯಲ್ಲಿ ಕುಳಿತು ತುಂಬಿದ ಪುಸ್ತಕ ಲೆಕ್ಕಕ್ಕೆ ಮಾತ್ರ.

ತಿಟ್ಟಿನ ಜೀವಸಂಪತ್ತು ಗಿಡ ಹಕ್ಕಿಗಳಲ್ಲೇ ಮುಗಿಯಿತೆಂದು ತಿಳಿಯಬೇಡಿರಿ. ಶ್ರೀರಂಗಪಟ್ಟಣವೂ ಒಂದು ನಡುಗಡ್ಡೆಯೇ. ಕಾವೇರಿಯ ಎರಡು ಕವಲುಗಳ ನಡುವೆ ಸಾವಿರಾರು ಸಂಸಾರಗಳು ಬಾಳುವ ನಡುಗಡ್ಡೆ. ಅದರ ಗಂಜಾಂ ಒಂದು ಕಾಲಕ್ಕೆ ಅಂಜೂರದ ಹಣ್ಣಿಗೆ ಹೆಸರಾಗಿತ್ತು. ನಮ್ಮ ಹಣ್ಣಿನ ಮಂಡಿಯಲ್ಲಿ ಇಂದು ಆ ಹೆಸರು ಹೇಳಿ ಅಂಜೂರ ಮಾರುವವರು ಎಷ್ಟು ಮಂದಿ? ಹಕ್ಕಿಯಂತೆ ಹಣ್ಣಿನ ತಳಿಯೂ ಒಂದು ಪೀಳಿಗೆ ಮರೆತರೆ ಹೋಗುತ್ತದೆ. ಅದೇ ನಡುಗಡ್ಡೆಯ ಸುತ್ತ ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಕರ್ಮಾಂತರಕ್ಕೆಂದು ಬಂದವರು ಬಟ್ಟೆ, ಪ್ಲಾಸ್ಟಿಕ್ಕುಗಳನ್ನು ಹೊಳೆಗೇ ಬಿಟ್ಟು ಹೋಗುತ್ತಾರೆ. ಸತ್ತವರಿಗೆ ಸದ್ಗತಿ ಕೋರುವ ಕೈ ಬದುಕಿರುವ ಮೀನಿನ ಉಸಿರು ಕಟ್ಟಿಸಬಾರದು. ಬಟ್ಟೆಯನ್ನು ದಡದಲ್ಲಿಯೇ ಬಿಡಲು ಒಂದು ಜಾಗ, ಅದನ್ನು ದಿನವೂ ಎತ್ತುವವರಿಗೆ ಕೂಲಿ, ಇಷ್ಟು ಏರ್ಪಾಟಾದರೆ ಸಾಕು, ನಂಬಿಕೆಗೂ ಭಂಗವಿಲ್ಲ, ಹೊಳೆಗೂ ಕೇಡಿಲ್ಲ.

ನಾವು ಕೇಳಬೇಕಾದದ್ದು

ಮಿತ್ರರೆ, ನನ್ನ ಮಾತನ್ನು ನಾಲ್ಕು ಬೇಡಿಕೆಗಳಾಗಿ ಕೂಡಿಸಿ ಹೇಳುತ್ತೇನೆ. ಮೊದಲನೆಯದು, ಕಟ್ಟೆಯ ಬಾಗಿಲು ತೆರೆಯುವಾಗ ಹೊಳೆಯ ಪಾಲನ್ನೂ ಗೂಡಿನ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡನೆಯದು, ರಂಗನತಿಟ್ಟಿನ ಟಿಕೆಟ್ಟಿನ ಹಣದಲ್ಲಿ ಗೊತ್ತಾದ ಒಂದು ಪಾಲು ಸುತ್ತಲ ಹಳ್ಳಿಗಳಿಗೆ ಹೋಗಬೇಕು. ಕೆಲಸದಲ್ಲಿ ಆ ಹಳ್ಳಿಗಳ ಬೆಸ್ತರಿಗೂ ಹರಿಗೋಲಿನವರಿಗೂ ಮೊದಲ ಹಕ್ಕು ಇರಬೇಕು. ಮೂರನೆಯದು, ಕೊಕ್ಕರೆ ಬೆಳ್ಳೂರಿನ ಮರದ ಒಡೆಯನಿಗೆ ಕೊಡುವ ಪರಿಹಾರ ಹುಣಿಸೆಯ ಪೇಟೆಧಾರಣೆಯೊಡನೆ ಏರಬೇಕು. ಧರ್ಮಕ್ಕೆ ಕೊಟ್ಟಂತೆ ಕೊಡುವುದಲ್ಲ, ಬಾಡಿಗೆ ಸಲ್ಲಿಸಿದಂತೆ ಸಲ್ಲಿಸಬೇಕು, ಏಕೆಂದರೆ ಆ ಮರ ಲೋಕದ ಹಕ್ಕಿಗೆ ಕೊಟ್ಟ ಮನೆ. ನಾಲ್ಕನೆಯದು, ಮೈಸೂರಿನ ಚರಂಡಿ ನೀರು ಶುದ್ಧವಾಗದೆ ಯಾವ ಕೆರೆಗೂ, ಯಾವ ಹಳ್ಳಕ್ಕೂ ಸೇರಕೂಡದು.

ಇವುಗಳಲ್ಲಿ ಯಾವುದೂ ಹಕ್ಕಿಗೆ ಮಾತ್ರ ಸಲ್ಲುವ ಬೇಡಿಕೆಯಲ್ಲ. ಶುದ್ಧವಾದ ಕೆರೆ ಬೇಕಾಗಿರುವುದು ಅದರ ಪಕ್ಕದ ಬಡಾವಣೆಯ ಕೂಸಿಗೆ. ಮುನ್ಸೂಚನೆ ಬೇಕಾಗಿರುವುದು ಹೊಳೆಗಿಳಿಯುವ ಬೆಸ್ತನಿಗೆ. ನ್ಯಾಯವಾದ ಪರಿಹಾರ ಬೇಕಾಗಿರುವುದು ಹುಣಿಸೆಮರ ನಂಬಿದ ಮುದುಕಿಗೆ. ಅವರ ಹಕ್ಕು ಸಂದ ಕಡೆ ಹಕ್ಕಿಯೂ ಉಳಿಯುತ್ತದೆ. ಅವರ ಹಕ್ಕು ಸಲ್ಲದ ಕಡೆ ಹಕ್ಕಿಯನ್ನು ಉಳಿಸುತ್ತೇವೆಂಬ ಮಾತು ಬೋರ್ಡಿನ ಮೇಲಿನ ಬಣ್ಣದಂತೆ, ಎರಡು ಮಳೆಗೆ ಹೋಗುತ್ತದೆ.

ಮುನ್ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಹೆಸರಿಲ್ಲದ ಕೂಲಿಗಳು ಕಲ್ಲು ಹೊತ್ತು ಆ ತಿಟ್ಟುಗಳನ್ನು ನಮಗೆ ಬಿಟ್ಟುಹೋದರು. ಅವುಗಳನ್ನು ಕಾಯುವ ಕೆಲಸ ಈಗ ದಡದಲ್ಲಿರುವ ನಮ್ಮದು. ಮುಂದಿನ ವಾರ್ಡು ಸಭೆಗೆ ಹೋದಾಗ ಬೀದಿದೀಪ, ನಲ್ಲಿನೀರುಗಳ ಜೊತೆಗೆ ಕೆರೆಯ ಪ್ರಶ್ನೆಯನ್ನೂ ಎತ್ತಿರಿ.